ಬಾನೆಟ್‌ಗೆ ಡ್ಜೂಸ್ ಗುಂಡಿ ಹಾಕಿಸುವ ಮುಂಚೆ ಇದನ್ನು ಓದಿ

ಬಳ್ಳಾರಿಯ ಶೆಡ್ ಒಂದರಲ್ಲಿ ತಯಾರಾದ ಹ್ಯಾಚ್‌ಬ್ಯಾಕ್ ಕಾರು. ಫೈಬರ್ ಬಾನೆಟ್, ಹಿಂಜ್ ತೆಗೆದು ಆರು ಡ್ಜೂಸ್ ಗುಂಡಿ, ಅಂದರೆ ಕಾಲು ಸುತ್ತು ತಿರುಗಿಸಿದರೆ ಬೀಗ ಬೀಳುವ ಗುಂಡಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಮಧ್ಯಾಹ್ನದ ಸರದಿ, ನೇರ ದಾರಿಯಲ್ಲಿ 150ರ ಆಸುಪಾಸು ವೇಗ. ಬಾನೆಟ್ಟಿನ ಮುಂದಿನ ಬಲತುದಿ ಎದ್ದಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಉಳಿದ ಐದೂ ಗುಂಡಿ ಕಿತ್ತುಕೊಂಡು, ಬಾನೆಟ್ ವಿಂಡ್‌ಶೀಲ್ಡಿಗೆ ಅಪ್ಪಳಿಸಿ ಛಾವಣಿಯ ಮೇಲಿಂದ ಹಿಂದಕ್ಕೆ ಹಾರಿತು. ಗಾಜು ಲ್ಯಾಮಿನೇಟೆಡ್ ಆಗಿದ್ದರಿಂದ ಒಳಗೆ ಉದುರಲಿಲ್ಲ. ಹಿಂದೆ ಇನ್ನೊಂದು ಕಾರು ಇರಲಿಲ್ಲ ಅನ್ನುವುದು ಅದೃಷ್ಟ ಅಷ್ಟೇ.

ಬಿಚ್ಚಿ ನೋಡಿದಾಗ ಒಂದು ತಪ್ಪಲ್ಲ, ಒಂದನ್ನು ಮುಚ್ಚಲು ಮಾಡಿದ ಇನ್ನೊಂದು ತಪ್ಪು, ಹೀಗೆ ಸರಮಾಲೆ. ಒಂದೊಂದೂ ಎಲ್ಲಾ ಊರಿನ ಶೆಡ್ಡುಗಳಲ್ಲಿ ನಡೆಯುವಂಥದ್ದೇ.

ಮೊದಲು ಈ ಗುಂಡಿ ಕೆಲಸ ಮಾಡುವ ರೀತಿ. ಬಾನೆಟ್ಟಿನಲ್ಲಿ ಕೂರುವ ಗುಂಡಿಯ ಕಾಂಡದಲ್ಲಿ ಓರೆಯಾದ ಸುರುಳಿ ಸೀಳು ಇರುತ್ತದೆ. ಕೆಳಗಿನ ಬ್ರಾಕೆಟ್ಟಿಗೆ ಎರಡು ರಿವೆಟ್‌ನಿಂದ ಹಿಡಿಸಿದ ಎಸ್ ಆಕಾರದ ತಂತಿ ಸ್ಪ್ರಿಂಗ್. ಗುಂಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸೀಳು ತಂತಿಯನ್ನು ಹತ್ತಿಸಿಕೊಂಡು ಮೇಲಕ್ಕೆ ಎಳೆಯುತ್ತದೆ. ಸೀಳಿನ ಕೊನೆಯ ತಗ್ಗಿಗೆ ತಂತಿ ಬಿದ್ದಾಗ ಟಕ್ ಅನ್ನುತ್ತದೆ. ಬಿಗಿ ಹಿಡಿಯುವುದು ಗುಂಡಿಯಲ್ಲ, ಎಳೆದು ನಿಂತ ತಂತಿ. ತಗ್ಗಿಗೆ ಬೀಳದ ತಂತಿ ಇಳಿಜಾರಿನ ಮೇಲೆ ನಿಲ್ಲಿಸಿದ ಗಾಡಿಯಿದ್ದಂತೆ, ಅಲುಗಾಟ ಸಾಕು, ಗುಂಡಿ ತಾನೇ ಹಿಂದಕ್ಕೆ ತಿರುಗುತ್ತದೆ.

ಹಾಗಾಗಿ ಇಲ್ಲಿ ಎಲ್ಲವೂ ಗುಂಡಿಯ ಉದ್ದದ ಮೇಲೆ ನಿಂತಿದೆ. ಟ್ರ್ಯಾಕ್ ಕಾರುಗಳಿಗೆ ಹೆಚ್ಚಾಗಿ ಬಳಸುವುದು 7/16 ಇಂಚು ದಪ್ಪದ ಕಾಂಡದ್ದು, ಅಂದರೆ ಸುಮಾರು 11 ಮಿಮೀ. ಅದರಲ್ಲೇ 0.500 ಇಂಚು, 0.550 ಇಂಚು ಹೀಗೆ ಬೇರೆ ಬೇರೆ ಉದ್ದ ಸಿಗುತ್ತವೆ. ಎರಡರ ನಡುವಿನ ವ್ಯತ್ಯಾಸ ಬರೀ 1.27 ಮಿಮೀ, ಆದರೆ ಈ ಗುಂಡಿಯ ಲೆಕ್ಕದಲ್ಲಿ ಅದು ದೊಡ್ಡದು. ಈ ಕಾರಿಗೆ ಒಂದೇ ಡಬ್ಬಿಯ ಆರೂ ಒಂದೇ ಉದ್ದದ ಗುಂಡಿ ಹಾಕಿದ್ದರು. ಬಾನೆಟ್ಟಿನ ಮುಂದಿನ ಅಂಚು ಮಡಚಿ ಎರಡು ಪದರವಾಗಿದ್ದರಿಂದ ಅಲ್ಲಿ 5 ಮಿಮೀ ದಪ್ಪ. ಹಿಂದೆ ಬರೀ ಎರಡೂವರೆ. ಮುಂದೆ ಸರಿಯಾಗಿ ಕೂತ ಗುಂಡಿ ಹಿಂದೆ ಉದ್ದವಾಯಿತು. ಟಕ್ ಅಂದರೂ ತಂತಿ ಎಳೆಯಲಿಲ್ಲ, ಬಾನೆಟ್ ಗಡಗಡ ಅನ್ನತೊಡಗಿತು.

ಸದ್ದು ನಿಲ್ಲಿಸಲು ಸುತ್ತಲೂ 5 ಮಿಮೀ ಫೋಮ್ ಪಟ್ಟಿ ಅಂಟಿಸಿದರು. ಸದ್ದೇನೋ ನಿಂತಿತು. ಆದರೆ ಈಗ ಮುಂದಿನ ಗುಂಡಿಗಳು ಗಿಡ್ಡವಾದವು. ಸ್ಕ್ರೂಡ್ರೈವರ್ ಹಾಕಿ ಬಲವಾಗಿ ತಿರುವಿದರೂ ಮುಕ್ಕಾಲು ದಾರಿಗೇ ನಿಂತವು. 'ಟೈಟ್ ಆಗಿದೆ' ಅಂತ ಬಿಟ್ಟರು. ಈ ಗುಂಡಿಯ ವಿಷಯದಲ್ಲಿ ಬಿಗಿ ಅನ್ನುವುದು ಬೀಗ ಅಲ್ಲ. ಕೊನೆಯಲ್ಲಿ ಟಕ್ ಅಂದು ಕೈ ಸ್ವಲ್ಪ ಹಗುರಾಗದಿದ್ದರೆ ಅದು ಬಿದ್ದಿಲ್ಲ.

ಸರಿಯಾದ ಕ್ರಮ ಹೀಗೆ. ಫೋಮ್, ರಬ್ಬರ್ ಏನೇ ಇದ್ದರೂ ಮೊದಲೇ ಅಂಟಿಸಿ. ಬಾನೆಟ್ ಕೂರಿಸಿ, ಗುಂಡಿ ಬರುವ ಜಾಗವನ್ನು ಕ್ಲ್ಯಾಂಪ್‌ನಿಂದ ಒತ್ತಿ ಹಿಡಿದು, ಬಾನೆಟ್, ಒತ್ತಿದ ಫೋಮ್, ಬ್ರಾಕೆಟ್ ಮೂರರ ಒಟ್ಟು ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಪ್ರತಿ ಜಾಗವನ್ನೂ ಬೇರೆಯಾಗಿ ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಅಲ್ಲೇ ಬರೆಯಿರಿ. ಆ ಅಳತೆಗೆ ಸ್ಪ್ರಿಂಗಿನ ಎತ್ತರ ಸೇರಿಸಿ ಗುಂಡಿ ಆರಿಸಿ. ಅಳತೆ ಎರಡು ಉದ್ದಗಳ ನಡುವೆ ಬಿದ್ದರೆ ಬ್ರಾಕೆಟ್ಟಿಗೂ ಅದರ ಕೆಳಗಿನ ಸ್ಪ್ರಿಂಗಿಗೂ ನಡುವೆ ತೆಳು ಶಿಮ್ (ತಗಡಿನ ಬಿಲ್ಲೆ) ಹಾಕಿ ಸರಿಮಾಡಿ. ಫೋಮ್ ದಪ್ಪ ಮಾಡಿ ಸರಿತೂಗಿಸಬೇಡಿ, ಬಿಸಿಲಿಗೆ ಅದು ಕುಗ್ಗುತ್ತದೆ.

ಇನ್ನು ಸ್ಪ್ರಿಂಗ್. ಕೆಳಗಿನಿಂದ ರಿವೆಟ್ ಗನ್ ಹೋಗಲಿಲ್ಲ ಅಂತ ಮುಂದಿನ ಮೂರೂ ಸ್ಪ್ರಿಂಗನ್ನು ಬ್ರಾಕೆಟ್ಟಿನ ಮೇಲ್ಬದಿಗೆ ಹೊಡೆದಿದ್ದರು. ಇದು ಎಲ್ಲಕ್ಕಿಂತ ಅಪಾಯದ ತಪ್ಪು. ಸ್ಪ್ರಿಂಗ್ ಬ್ರಾಕೆಟ್ಟಿನ ಕೆಳಗಿದ್ದರೆ, ಗಾಳಿ ಬಾನೆಟ್ಟನ್ನು ಎತ್ತಿದಷ್ಟೂ ಅದು ತಗಡಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ರಿವೆಟ್ ಬರೀ ಜಾಗ ತಪ್ಪದಂತೆ ಹಿಡಿಯುತ್ತದೆ. ಮೇಲಿದ್ದರೆ ಪೂರ್ತಿ ಎಳೆತ ಎರಡು ಪಾಪ್ ರಿವೆಟ್‌ಗಳ ತಲೆಯ ಮೇಲೆ. ಅವೂ ಅಲ್ಯೂಮಿನಿಯಂ. ಕಿತ್ತು ಬಂದ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಸ್ಟೀಲ್ ಅಥವಾ ಸ್ಟೇನ್‌ಲೆಸ್ ರಿವೆಟ್, 3.2 ಮಿಮೀ, ಬ್ರಾಕೆಟ್ ಕನಿಷ್ಠ 1.5 ಮಿಮೀ ತಗಡು. ಗನ್ ಹೋಗದಿದ್ದರೆ ಬ್ರಾಕೆಟ್ಟನ್ನು ಬಿಚ್ಚಿ ಮೇಜಿನ ಮೇಲೆ ಹೊಡೆದು, ಆಮೇಲೆ ಬೋಲ್ಟ್ ಹಾಕಿ ಕೂರಿಸಿ.

ಗುಂಡಿ ಕೂರುವ ಫೈಬರ್ ತೂತಿಗೂ ಇದೇ ನ್ಯಾಯ. ಜೀನ್ಸ್ ಹೊಲಿಯುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂಟಿ ಬಟ್ಟೆಗೆ ಗುಂಡಿ ಹೊಡೆದರೆ ಗುಂಡಿ ಉಳಿದು ಬಟ್ಟೆ ಹರಿಯುತ್ತದೆ. ತೂತಿನ ಹಿಂದೆ 1 ಮಿಮೀ ಅಲ್ಯೂಮಿನಿಯಂ ತಟ್ಟೆ, 40 ಮಿಮೀ ಚೌಕ, ಎಪಾಕ್ಸಿಯಿಂದ ಅಂಟಿಸಿ. ತೂತಿನ ಮಧ್ಯದಿಂದ ಬಾನೆಟ್ಟಿನ ಅಂಚಿಗೆ 25 ಮಿಮೀ ಬಿಡಿ. ಟೇಪ್ ಅಂಟಿಸಿ ಬಣ್ಣದ ಬದಿಯಿಂದ 3 ಮಿಮೀ ಪೈಲಟ್ ತೂತು, ಬಾನೆಟ್ ಮತ್ತು ಬ್ರಾಕೆಟ್ ಎರಡಕ್ಕೂ ಒಟ್ಟಿಗೆ. ಆಮೇಲೆ ಸ್ಟೆಪ್ ಡ್ರಿಲ್. ಎರಡನ್ನೂ ಬೇರೆ ಬೇರೆ ಗುರುತು ಹಾಕಿ ಕೊರೆದರೆ ಗುಂಡಿ ಓರೆಯಾಗಿ ತಂತಿಯ ಒಂದು ಬದಿಯನ್ನಷ್ಟೇ ಹಿಡಿಯುತ್ತದೆ.

ನಮ್ಮ ಕಡೆಯ ಬಿಸಿಲಿನ ಲೆಕ್ಕವನ್ನೂ ಹಾಕಿ. ಸ್ಟೀಲಿಗಿಂತ ಫೈಬರ್ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 1.2 ಮೀಟರ್ ಅಗಲದ ಕಪ್ಪು ಬಾನೆಟ್ ಬೆಳಗಿನ ತಂಪಿನಿಂದ ಮಧ್ಯಾಹ್ನಕ್ಕೆ 40 ಡಿಗ್ರಿ ಏರಿದರೆ ಅದು ಚೌಕಟ್ಟಿಗಿಂತ ಅರ್ಧ ಮಿಮೀಗೂ ಹೆಚ್ಚು ಬೆಳೆಯುತ್ತದೆ. ಬೆಳಿಗ್ಗೆ ಸಲೀಸಾಗಿ ಬಿದ್ದ ಗುಂಡಿ ಮಧ್ಯಾಹ್ನ ತಗಲಾಕಿಕೊಳ್ಳುವುದು ಇದಕ್ಕೇ. ಮಧ್ಯದ ಒಂದು ಗುಂಡಿಯನ್ನು ಬಿಗಿ ತೂತಿನಲ್ಲಿ ಇಟ್ಟು, ಅಂಚಿನವುಗಳ ತೂತನ್ನು 1 ಮಿಮೀ ದೊಡ್ಡದು ಮಾಡಿ.

ಎಷ್ಟು ಗುಂಡಿ? 150 ಕಿಮೀ ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ನೂರು ಕಿಲೋ ದಾಟುತ್ತದೆ. 75ರಲ್ಲಿ ಅದರ ಕಾಲು ಭಾಗ. ಗಲ್ಲಿಯಲ್ಲಿ ಓಡಿಸಿ ನೋಡಿ 'ಏನೂ ಆಗಲಿಲ್ಲ' ಅನ್ನುವ ಪರೀಕ್ಷೆಗೆ ಅದಕ್ಕೇ ಬೆಲೆಯಿಲ್ಲ. ಮುಂದಿನ ಅಂಚಿಗೆ 200ರಿಂದ 250 ಮಿಮೀಗೊಂದು, ಬದಿ ಮತ್ತು ಹಿಂದೆ 300ಕ್ಕೊಂದು. ಇದರ ಮೇಲೆ ಮುಂಭಾಗದಲ್ಲಿ ಎರಡು ಬಾನೆಟ್ ಪಿನ್ (ಬಾನೆಟ್ಟನ್ನು ತೂರಿ ಬರುವ ಕಡ್ಡಿ, ಅದರ ತುದಿಗೆ ಕ್ಲಿಪ್), ಕ್ಲಿಪ್ಪಿಗೆ ದಾರ ಕಟ್ಟಿ. ರೇಸ್ ಕಾರುಗಳ ಬಾನೆಟ್ಟಿಗೆ ಕನಿಷ್ಠ ಎರಡು ಹೆಚ್ಚುವರಿ ಕೊಂಡಿ ಬೇಕೆಂದು ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮವೇ ಕೇಳುತ್ತದೆ. ಬಂಪರ್ ಆದರೆ ಇನ್ನೊಂದು ಮಾತು: ಈ ಗುಂಡಿ ನೇರ ಎಳೆತಕ್ಕೆ, ಅಡ್ಡ ತಳ್ಳಾಟಕ್ಕಲ್ಲ. ಬಂಪರಿನ ಭಾರವನ್ನು ಎರಡು ಡೋವೆಲ್ ಪಿನ್ (ತೂತಿಗೆ ಕೂರುವ ಗಟ್ಟಿ ಕಡ್ಡಿ) ಹೊರಲಿ.

ನಕಲಿ ಸ್ಪ್ರಿಂಗ್ ಬಗ್ಗೆ ಹುಷಾರು. ಹೊಸತರ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದು, ಇಪ್ಪತ್ತು ಸಲ ಹಾಕಿ ತೆಗೆದು ಮತ್ತೆ ಅಳೆಯಿರಿ. ಅರ್ಧ ಮಿಮೀ ತಗ್ಗಿದ್ದರೆ ಅದು ಸ್ಪ್ರಿಂಗ್ ಅಲ್ಲ, ಕಟ್ಟುತಂತಿ.

ಎಲ್ಲಾ ಸ್ಪ್ರಿಂಗನ್ನೂ ಒಂದೇ ದಿಕ್ಕಿಗೆ ರಿವೆಟ್ ಮಾಡಿದರೆ ಬೀಗ ಬಿದ್ದಾಗ ಎಲ್ಲಾ ಗುಂಡಿಗಳ ತಲೆಗೆರೆ ಒಂದೇ ಕಡೆ ನಿಲ್ಲುತ್ತದೆ. ಆಗ ತಲೆಯಿಂದ ಬಾನೆಟ್ಟಿಗೆ ಬಿಳಿ ಬಣ್ಣದ ಗೀಟು ಎಳೆಯಿರಿ. ಹತ್ತು ಹೆಜ್ಜೆ ದೂರದಿಂದಲೇ ಯಾವುದು ತಪ್ಪಿದೆ ಕಾಣುತ್ತದೆ. ಈ ಕಾರಿನಲ್ಲಿ ಆರು ಗೆರೆ ಆರು ದಿಕ್ಕಿಗಿದ್ದವು, ಯಾರ ಕಣ್ಣಿಗೂ ಬೀಳಲಿಲ್ಲ. ಬಿಚ್ಚಿದೊಡನೆ ಮೇಲಕ್ಕೆ ಎದ್ದು ನಿಲ್ಲುವ ಜಾತಿಯ ಗುಂಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಗ್ರೀಸ್ ಬೇಡ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳು ಗ್ರೀಸಿಗೆ ಹತ್ತಿ ಸೀಳನ್ನು ಅರದಂತೆ ಸವೆಸುತ್ತದೆ. ಬ್ರಷ್‌ನಿಂದ ಒರೆಸಿ, ಗ್ರಾಫೈಟ್ ಪುಡಿ ಸಾಕು.

ಟ್ರ್ಯಾಕಿಗೆ ತೆರೆದ ಲಾರಿಯ ಮೇಲೆ ಕಾರನ್ನು ಹಿಂದುಮುಂದಾಗಿ ಏರಿಸುವುದಾದರೆ ಗಾಳಿ ವಿಂಡ್‌ಶೀಲ್ಡ್ ಕಡೆಯ ಅಂಚಿಗೆ ನುಗ್ಗುತ್ತದೆ, ಅಲ್ಲಿ ಪಿನ್ ಇರುವುದಿಲ್ಲ. ಬಾನೆಟ್ಟನ್ನು ಬಿಚ್ಚಿ, ಹಳೇ ಕಂಬಳಿ ಸುತ್ತಿ, ಕಾರಿನೊಳಗೇ ಕಟ್ಟಿ ಕಳಿಸಿ.