ಮೈಕ್ರೋಟಿಕ್ ಸಿಆರ್‌ಎಸ್326: ಲೂಪ್ ಹಿಡಿಯುವುದರಲ್ಲಿ ಹೇಗಿದೆ?

ನಮ್ಮ ಪಾಲಿಟೆಕ್ನಿಕ್‌ನ ಲ್ಯಾಬ್ ಬ್ಲಾಕಿಗೆ ಈ ಸ್ವಿಚ್ (ಪಿಸಿಗಳನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ) ಹಾಕಿ ಕೆಲವು ವರ್ಷಗಳಾದವು. 24 ಗಿಗಾಬಿಟ್ ಪೋರ್ಟ್, ಫೈಬರ್‌ಗೆ 2 ಎಸ್‌ಎಫ್‌ಪಿ ಪ್ಲಸ್ ಪೋರ್ಟ್. ಸ್ಪೀಡ್, ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡುವುದು) ಎಲ್ಲ ಚೆನ್ನಾಗಿದೆ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ಲೂಪ್ ಬಗ್ಗೆ, ಅಂದರೆ ಕೇಬಲ್ ತಪ್ಪಾಗಿ ಚುಚ್ಚಿ ಡೇಟಾ ಹೊರಟಲ್ಲಿಗೇ ಸುತ್ತಿ ಬರುವುದರ ಬಗ್ಗೆ. ಕಂಡಕಂಡವರು ಕೇಬಲ್ ಮುಟ್ಟುವ ಜಾಗದಲ್ಲಿ ನೆಟ್‌ವರ್ಕ್ ಮಲಗುವುದಕ್ಕೆ ಅದೇ ದೊಡ್ಡ ಕಾರಣ.

ಒಂದು ಪಿಸಿ ಎಆರ್‌ಪಿ ಬ್ರಾಡ್‌ಕಾಸ್ಟ್ ("ಈ ಐಪಿ ಯಾರದು?" ಎಂದು ಎಲ್ಲರಿಗೂ ಕೇಳುವ ಸಂದೇಶ) ಕಳಿಸಿದರೆ ಸ್ವಿಚ್ ಅದನ್ನು ಎಲ್ಲ ಪೋರ್ಟಿಗೂ ಹಂಚುತ್ತದೆ. ಲೂಪ್ ಇದ್ದರೆ ಅದೇ ಫ್ರೇಮ್ (ಡೇಟಾದ ತುಂಡು) ವಾಪಸ್ ಬಂದು ಮತ್ತೆ ಎಲ್ಲ ಕಡೆ ಹೋಗುತ್ತದೆ. ಐಪಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಎಂಬ ಎಣಿಕೆ ಪ್ರತಿ ರೂಟರ್ ದಾಟಿದಾಗಲೂ ಕಮ್ಮಿಯಾಗುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಅಲ್ಲಿಗೇ ಮುಗಿಯಿತು. ಈಥರ್ನೆಟ್ ಫ್ರೇಮ್‌ನಲ್ಲಿ ಅಂಥದ್ದೇನೂ ಇಲ್ಲ, ಅದು ಸುತ್ತುತ್ತಲೇ ಇರುತ್ತದೆ. ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ ಸುಮಾರು 14.88 ಲಕ್ಷ ಸಣ್ಣ ಫ್ರೇಮ್‌ಗಳು ಹಿಡಿಸುತ್ತವೆ. ಹಾಗಾಗಿ ಒಂದೇ ಒಂದು ಪ್ಯಾಚ್ ಕಾರ್ಡ್ ಸಾಕು, ಇಡೀ ಬ್ಲಾಕ್ ನಿಂತುಹೋಗಲು.

ಇದಕ್ಕೆ ಮದ್ದು ಎಂದರೆ ಸ್ಪ್ಯಾನಿಂಗ್ ಟ್ರೀ, ಅಂದರೆ ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಲೂಪ್ ಆಗುವ ದಾರಿಯನ್ನು ಮುಚ್ಚುವುದು. ರೇಡಿಯಾ ಪರ್ಲ್‌ಮನ್ 1985ರಲ್ಲಿ ಕೊಟ್ಟ ಉಪಾಯ ಅದು. ಈ ಸ್ವಿಚ್‌ನ ಸಾಫ್ಟ್‌ವೇರ್ ಆದ ರೂಟರ್‌ಓಎಸ್‌ನಲ್ಲಿ ಬ್ರಿಡ್ಜ್ ಮಾಡಿದರೆ (ಪೋರ್ಟ್‌ಗಳನ್ನು ಒಂದೇ ನೆಟ್‌ವರ್ಕಿಗೆ ಸೇರಿಸಿದರೆ) ಅದರ ವೇಗದ ರೂಪವಾದ ಆರ್‌ಎಸ್‌ಟಿಪಿ ತಾನಾಗಿಯೇ ಆನ್ ಇರುತ್ತದೆ. ಅಷ್ಟಿದ್ದರೆ ಸಾಕು ಎಂದು ತುಂಬ ಜನ ಬಿಡುತ್ತಾರೆ. ಸಾಲದು.

ನಮ್ಮಲ್ಲಿ ಆದದ್ದು ನೋಡಿ. ಒಂದು ಬೆಳಿಗ್ಗೆ ಸ್ವಿಚ್‌ನ ಲೈಟ್‌ಗಳೆಲ್ಲ ಒಟ್ಟಿಗೆ ಪಟಪಟ ಮಿನುಗುತ್ತಿದ್ದವು, ಪಿಂಗ್ ಮಾಡಿದರೆ ಯಾವುದರಿಂದಲೂ ಉತ್ತರ ಇಲ್ಲ. ಆರ್‌ಎಸ್‌ಟಿಪಿ ಆನ್ ಇದೆ. ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದಾಗ ಒಂದು ಟೇಬಲ್ ಕೆಳಗೆ 5 ಪೋರ್ಟಿನ ಚಿಕ್ಕ ಸ್ವಿಚ್ ಸಿಕ್ಕಿತು. ಒಂದೇ ಕೇಬಲ್‌ನ ಎರಡು ತುದಿಯೂ ಅದರಲ್ಲೇ. "ಸುಮ್ನೆ ನೇತಾಡ್ತಿತ್ತು ಸಾರ್, ಅದಕ್ಕೇ ಚುಚ್ಚಿದೆ" ಎಂದ ಅಟೆಂಡರ್. ಆರ್‌ಎಸ್‌ಟಿಪಿ ಕೆಲಸ ಮಾಡುವುದು ಬಿಪಿಡಿಯು ಎಂಬ ಫ್ರೇಮ್‌ಗಳಿಂದ, ಲೂಪ್ ಪತ್ತೆಗೆ ಸ್ವಿಚ್ ಕಳಿಸುವ ಸಂದೇಶಗಳು ಅವು. ಕೆಲವು ಅಗ್ಗದ ಸ್ವಿಚ್‌ಗಳು ಅವನ್ನು ಮುಂದೆ ಬಿಡದೆ ನುಂಗಿಬಿಡುತ್ತವೆ. ಆಗ ಮೇಲಿನ ಸ್ವಿಚ್‌ಗೆ ಲೂಪ್ ಇರುವುದು ಗೊತ್ತಾಗುವುದು ಹೇಗೆ?

ಇಲ್ಲೇ ರೂಟರ್‌ಓಎಸ್‌ನ ಲೂಪ್ ಪ್ರೊಟೆಕ್ಟ್ ಎಂಬ ಸೌಲಭ್ಯ ಕೈಹಿಡಿಯುತ್ತದೆ. ಸ್ವಿಚ್ ಸುಮಾರು 5 ಸೆಕೆಂಡಿಗೊಮ್ಮೆ ತನ್ನದೇ ಒಂದು ಫ್ರೇಮ್ ಕಳಿಸುತ್ತದೆ. ಅದೇ ಫ್ರೇಮ್ ವಾಪಸ್ ಬಂತೆಂದರೆ ಲೂಪ್ ಇದೆ ಎಂದರ್ಥ. ಬಂದ ಪೋರ್ಟನ್ನು ಮುಚ್ಚಿ, ಲಾಗ್‌ನಲ್ಲಿ ಬರೆದಿಡುತ್ತದೆ. ಇದನ್ನು ಆನ್ ಮಾಡಿದ ಮೇಲೂ ಜನ ಕೇಬಲ್ ಚುಚ್ಚಿದ್ದಾರೆ. ಆದರೆ ಆ ಒಂದು ಪೋರ್ಟ್ ಮಾತ್ರ ಸತ್ತಿತು, ಉಳಿದ ಲ್ಯಾಬ್‌ಗಳಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಲಾಗ್ ನೋಡಿ ನೇರ ಆ ಟೇಬಲ್‌ಗೇ ಹೋಗಬಹುದು. ನನಗೆ ಇದೊಂದೇ ಸಾಕು, ಕೊಟ್ಟ ದುಡ್ಡು ಸಾರ್ಥಕ.

ಆದರೆ ಇದನ್ನು ನಾವೇ ಆನ್ ಮಾಡಬೇಕು, ಪ್ರತಿ ಪೋರ್ಟಿಗೂ. ಮುಚ್ಚಿದ ಪೋರ್ಟ್ 5 ನಿಮಿಷಕ್ಕೆ ತಾನೇ ತೆರೆಯುತ್ತದೆ. ಕೇಬಲ್ ಇನ್ನೂ ಅಲ್ಲೇ ಇದ್ದರೆ ಮತ್ತೆ ಸಿಕ್ಕಿಬೀಳುವವರೆಗೆ ಕೆಲವು ಸೆಕೆಂಡ್ ಎಲ್ಲರಿಗೂ ತೊಂದರೆ. ಅದಕ್ಕೇ ನಾನು ಒಂದು ಗಂಟೆ ಇಟ್ಟಿದ್ದೇನೆ. ಸೊನ್ನೆ ಕೊಟ್ಟರೆ ನೀವು ತೆರೆಯುವವರೆಗೂ ಮುಚ್ಚಿಯೇ ಇರುತ್ತದೆ. ರಜೆ ದಿನ ಅದು ಕಷ್ಟ. ಜೊತೆಗೆ ಸ್ಟಾರ್ಮ್ ರೇಟ್ (ಒಂದು ಪೋರ್ಟಿನಲ್ಲಿ ಎಷ್ಟು ಬ್ರಾಡ್‌ಕಾಸ್ಟ್ ಬಿಡಬೇಕೆಂಬ ಮಿತಿ) ಇಳಿಸಿಡಿ. ಲೂಪ್ ಪತ್ತೆಯಾಗುವ ಮುಂಚಿನ ಆ ಕೆಲವು ಸೆಕೆಂಡುಗಳಲ್ಲಿ ಬ್ರಾಡ್‌ಕಾಸ್ಟ್ ಮಿತಿ ಮೀರುವುದಿಲ್ಲ.

ಚಿಕ್ಕ ಸ್ವಿಚ್‌ನಲ್ಲಿ ಲೂಪ್ ಆದರೆ ಅದಕ್ಕೆ ಸೇರಿದ ಪಿಸಿಗಳೆಲ್ಲ ಆಫ್‌ಲೈನ್ ಆಗುತ್ತವೆ, ಅದು ತಪ್ಪಿದ್ದಲ್ಲ. ಸೆಟ್ಟಿಂಗ್ ಮಾಡುವ ವಿನ್‌ಬಾಕ್ಸ್ ಪ್ರೋಗ್ರಾಂ ಹೊಸಬರಿಗೆ ಸುಲಭವೂ ಅಲ್ಲ. ಮನೆಗೆ, ಚಿಕ್ಕ ಅಂಗಡಿಗೆ ಇಷ್ಟು ದೊಡ್ಡದು ಬೇಡ. ಕಾಲೇಜು, ಹಾಸ್ಟೆಲ್, ಆಫೀಸಿಗೆ ಧೈರ್ಯವಾಗಿ ತಗೊಳ್ಳಿ. ಎರಡು ಸ್ವಿಚ್ ನಡುವೆ ಬೇಕೆಂದೇ ಎಳೆದ ಎರಡನೇ ಲಿಂಕಿಗೆ ಮಾತ್ರ ಲೂಪ್ ಪ್ರೊಟೆಕ್ಟ್ ಹಾಕಬೇಡಿ, ಅದನ್ನು ಆರ್‌ಎಸ್‌ಟಿಪಿಯೇ ನೋಡಿಕೊಳ್ಳಲಿ.