ಪಾರ್ಕಿನ್ಸನ್ ಕಾಯಿಲೆಯವರ ನಡಿಗೆಗೆ ಹಾಸನದ ಒಂದು ಫಿಸಿಯೋಥೆರಪಿ ಕೇಂದ್ರ

ಹಾಸನದ ಕೆ.ಆರ್. ಪುರಂ ಬಡಾವಣೆಯ ಒಳರಸ್ತೆಯೊಂದರಲ್ಲಿ, ಮನೆಯ ಕೆಳಮಹಡಿಯನ್ನೇ ಮಾರ್ಪಡಿಸಿ ನಡೆಸುತ್ತಿರುವ ಈ ಫಿಸಿಯೋಥೆರಪಿ ಕೇಂದ್ರಕ್ಕೆ ನಮ್ಮ ತಾಯಿಯವರನ್ನು ಕಳೆದ ಮಳೆಗಾಲದಿಂದ ಕರೆದುಕೊಂಡು ಹೋಗುತ್ತಿದ್ದೇವೆ. ಅವರಿಗಿರುವುದು ಪಾರ್ಕಿನ್ಸನ್ ಕಾಯಿಲೆ. ಕೈ ನಡುಕ ಅಷ್ಟಾಗಿ ಇಲ್ಲ, ತೊಂದರೆಯೆಲ್ಲ ನಡಿಗೆಯದು. ಇದನ್ನು ವಯಸ್ಸಿನ ಸಹಜ ಲಕ್ಷಣವೆಂದೋ ಮಂಡಿ ಸವೆತವೆಂದೋ ತಿಳಿದು ಕಾಲಿಗೆ ಎಣ್ಣೆ ತಿಕ್ಕಿಸುತ್ತಾ ವರ್ಷಗಳನ್ನು ಕಳೆಯುವ ಮನೆಗಳು ನಮ್ಮ ಸುತ್ತಮುತ್ತ ಬಹಳ ಇರುವುದರಿಂದ, ಇಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ದಿನ ಯಾವ ಯಂತ್ರವನ್ನೂ ಹಚ್ಚಲಿಲ್ಲ. ತಾಯಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರುವಂತೆ ಹೇಳಿ, ಅಷ್ಟಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಂಡರು. ನಡೆಯುವಾಗ ಬಲಗೈ ಬೀಸದೆ ಮೈಗೆ ಅಂಟಿಕೊಂಡಿರುವುದನ್ನು, ಹಿಮ್ಮಡಿಗಿಂತ ಮೊದಲು ಮುಂಗಾಲು ನೆಲಕ್ಕೆ ತಾಗುವುದನ್ನು, ತಿರುಗುವಾಗ ನಿಂತಲ್ಲೇ ಪುಟ್ಟ ಪುಟ್ಟ ಹೆಜ್ಜೆಗಳನ್ನು ಹಾಕುವುದನ್ನು ನಮಗೂ ತೋರಿಸಿಕೊಟ್ಟರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು, ಏಕೆಂದರೆ ಈ ಕಾಯಿಲೆಯಲ್ಲಿ ಎದ್ದ ಕೂಡಲೇ ಒತ್ತಡ ಕುಸಿದು ಬೀಳುವವರಿದ್ದಾರೆ. ಮಂಡಿ ಸವೆದವರು ನೋವಿರುವ ಕಾಲಿನ ಮೇಲೆ ಭಾರ ಬಿಡದೆ ಕುಂಟುತ್ತಾರೆ. ಲಕ್ವ ಹೊಡೆದವರಲ್ಲಿ ಹಲವರು ಜೋತುಬಿದ್ದ ಪಾದವನ್ನು ಸೊಂಟದಿಂದ ಸುತ್ತಿ ತಂದು ಇಡುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಕುಂದಿದವರು ನೆಲದ ಸ್ಪರ್ಶ ತಿಳಿಯದೆ ಕತ್ತಲಲ್ಲಿ ಇನ್ನಷ್ಟು ಓಲಾಡುತ್ತಾರೆ. ಇವರೆಲ್ಲರಿಗೂ ಒಂದೇ ಶಾಖ, ಒಂದೇ ಕರೆಂಟ್ ಕೊಟ್ಟು ಕಳುಹಿಸುವ ಕಡೆಗಳನ್ನು ನಾವು ಮೊದಲು ನೋಡಿದ್ದೇವೆ. ಈ ಕೇಂದ್ರವನ್ನು ನಾನು ಮೆಚ್ಚಲು ಮುಖ್ಯ ಕಾರಣವೇ ಇಲ್ಲಿ ಹಾಗೆ ಮಾಡದಿರುವುದು.

ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮಿದುಳಿನ ಆಳದಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋದಂತೆ, ಯೋಚಿಸದೆ ತಾನಾಗಿ ನಡೆಯುತ್ತಿದ್ದ ಚಲನೆಗಳು ಕೆಡುತ್ತವೆ. ಕಾಲಿನ ಶಕ್ತಿ ಬಹುಮಟ್ಟಿಗೆ ಉಳಿದಿದ್ದರೂ ಹೆಜ್ಜೆ ಕಿರಿದಾಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕೆಲವರಲ್ಲಿ ನಡಿಗೆ ತಡೆಯಲಾಗದ ಓಟವಾಗುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಾಗಲೇ ಈ ಓಟವನ್ನು ಗುರುತಿಸಿದ್ದರು. ಬಾಗಿಲ ಬಳಿ, ತಿರುವಿನಲ್ಲಿ, ಇಕ್ಕಟ್ಟಿನಲ್ಲಿ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುವುದು ಎಲ್ಲಕ್ಕಿಂತ ಅಪಾಯ, ಏಕೆಂದರೆ ಪಾದ ನಿಂತರೂ ಮೈ ಮುಂದೆ ಹೋಗುತ್ತಿರುತ್ತದೆ.

ಕೇಂದ್ರದ ಉದ್ದನೆಯ ಕೋಣೆಯ ನೆಲದ ಮೇಲೆ ಹಳದಿ ಟೇಪಿನ ಅಡ್ಡಗೆರೆಗಳನ್ನು ಒಂದೊಂದು ಹೆಜ್ಜೆಯ ಅಂತರದಲ್ಲಿ ಅಂಟಿಸಿದ್ದಾರೆ. ಬರಿ ನೆಲದ ಮೇಲೆ ಗೇಣುದ್ದದ ಹೆಜ್ಜೆಯನ್ನೂ ಎಳೆದು ಹಾಕುವ ತಾಯಿಯವರು ಗೆರೆಗಳ ಮೇಲೆ ಬಂದೊಡನೆ ಪಾದವನ್ನು ಪೂರ್ತಿ ಎತ್ತಿ, ಹಿಮ್ಮಡಿ ಊರಿ ನಡೆದದ್ದನ್ನು ಕಂಡು ನನಗೆ ಕೆಲಹೊತ್ತು ಮಾತೇ ಹೊರಡಲಿಲ್ಲ. ಕಣ್ಣಿಗೆ ಗುರಿಯೊಂದು ಸಿಕ್ಕಾಗ ಮಿದುಳು ಕೆಟ್ಟಿರುವ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಹೆಜ್ಜೆಯನ್ನು ನಡೆಸುತ್ತದೆ ಎಂದು ಥೆರಪಿಸ್ಟ್ ವಿವರಿಸಿದರು. ತಾಳಕ್ಕೂ ಅದೇ ಗುಣವಿದೆ. ಗೆರೆಯಿಲ್ಲದ ಕಡೆ ಅವರು ಚಪ್ಪಾಳೆ ತಟ್ಟುತ್ತಾ ನಡೆಸುತ್ತಾರೆ. ಕಾಲು ಹಿಡಿದುಕೊಂಡಾಗ ಹೇಳುವ ಮಾತುಗಳನ್ನು ನಮಗೂ ಬಾಯಿಪಾಠ ಮಾಡಿಸಿದ್ದಾರೆ: “ಅಮ್ಮ, ನಿಂತ್ಕೊಳ್ಳಿ. ಒಂದು ಉಸಿರು ತಗೊಳ್ಳಿ. ಆ ಕಡೆಗೊಂದ್ಸಲ, ಈ ಕಡೆಗೊಂದ್ಸಲ ಭಾರ ಹಾಕಿ. ಈಗ ದೊಡ್ಡ ಹೆಜ್ಜೆ.” ಕೈ ಹಿಡಿದು ಎಳೆಯಬಾರದು, ನಡೆಯುವಾಗ ಬೇರೆ ಮಾತು ಆಡಿಸಬಾರದು, ನಿಂತಲ್ಲೇ ತಿರುಗಿಸದೆ ಅಗಲವಾಗಿ ಸುತ್ತಿ ಬರಲು ಬಿಡಬೇಕು ಎಂಬುದನ್ನು ಮನೆಯವರಿಗೆ ಕಲಿಸುವುದಕ್ಕೂ ಅವರು ಅಷ್ಟೇ ಸಮಯ ಕೊಡುತ್ತಾರೆ.

ಆಲೂರಿನ ಕಡೆಯ ನಮ್ಮ ಮನೆಗೆ ಬರಲು ಅವರಿಗೆ ಆಗುವುದಿಲ್ಲ. ಬದಲಿಗೆ ಮನೆಯೊಳಗಿನ ಓಡಾಟದ ವಿಡಿಯೊ ತರಲು ಹೇಳಿದರು. ಅದನ್ನು ನೋಡಿ ನಡುಮನೆಯಿಂದ ಬಚ್ಚಲುಮನೆಗೆ ಹೋಗುವ ದಾರಿಯ ಕೆಂಪು ನೆಲದ ಮೇಲೆ ಬಿಳಿ ಟೇಪ್ ಅಂಟಿಸಲು ಹೇಳಿದರು, ಜಾರುವ ಕಾಲೊರೆಸುಗಳನ್ನು ತೆಗೆಸಿದರು. ಎತ್ತರದ ಹಳೆಯ ಹೊಸ್ತಿಲನ್ನು ಸಲೀಸಾಗಿ ದಾಟುವ ತಾಯಿಯವರು ಹೊಸ್ತಿಲೇ ಇಲ್ಲದ ಬಚ್ಚಲಿನ ಇಕ್ಕಟ್ಟು ಬಾಗಿಲಲ್ಲಿ ನಿಂತುಬಿಡುವುದು ಏಕೆಂದು ನಮಗೆ ತಿಳಿದದ್ದು ಆಗ. ಅವರ ಕಣ್ಣಿಗೆ ಹೊಸ್ತಿಲೂ ಒಂದು ಗೆರೆಯೇ. ಪ್ರತಿ ಹೆಜ್ಜೆಗೂ ಎತ್ತಿಡಬೇಕಾದ ನಾಲ್ಕು ಕಾಲಿನ ವಾಕರ್ ನಡಿಗೆಯ ಲಯವನ್ನು ಮತ್ತೆ ಮತ್ತೆ ಮುರಿಯುವುದರಿಂದ ಇವರಿಗೆ ಹೊಂದುವುದಿಲ್ಲವೆಂದೂ, ಚಕ್ರದ್ದು ಬೇಕಾದರೆ ಬ್ರೇಕ್ ಚೆನ್ನಾಗಿರುವುದನ್ನೇ ಕೊಳ್ಳಬೇಕೆಂದೂ ಮೊದಲೇ ತಿಳಿಸಿದರು.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಸಮಯ ಹಂಚುವ ಕೌಂಟರಿನ ಸಿಬ್ಬಂದಿಗೆ ಈ ಕಾಯಿಲೆಯ ತಿಳಿವಳಿಕೆ ಇದ್ದಂತಿಲ್ಲ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯ ಬಲ ಇರುವ ಹೊತ್ತಿನಲ್ಲಿ ನಡೆಯುವವರು ಬಲ ಇಳಿದ ಹೊತ್ತಿನಲ್ಲಿ ಕುರ್ಚಿಯಿಂದ ಏಳಲೂ ಕಷ್ಟಪಡುತ್ತಾರೆ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ, ಏಕೆಂದರೆ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಅದು ಮೈಗೆ ಹತ್ತದಂತೆ ಅಡ್ಡಿ ಮಾಡಬಹುದು. ಇಷ್ಟೆಲ್ಲ ಇರುವಾಗ ಊಟದ ಹೊತ್ತಿಗೇ ಸರಿಯಾಗಿ ಸಮಯ ಕೊಟ್ಟು, ಬದಲಾಯಿಸಲು ಕೇಳಿದರೆ ಮುಂದಿನ ತಿಂಗಳು ನೋಡೋಣ ಎನ್ನುವುದು ಸರಿಯಲ್ಲ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ವಿವರಿಸುವವರು ಅದನ್ನು ಕನ್ನಡದಲ್ಲೇ ಮುದ್ರಿಸಿದರೆ ಹಳ್ಳಿಗಳಿಂದ ಬರುವ ಹಿರಿಯರು ತಾವೇ ಓದಿಕೊಳ್ಳುತ್ತಾರೆ.

ನನಗೆ ನಿಜವಾಗಿ ಬೇಸರ ತಂದದ್ದು ಬಾಗಿಲಿನ ಮೆಟ್ಟಿಲುಗಳು. ರಸ್ತೆಯಿಂದ ಒಳಬರಲು ಮೂರು ಮೆಟ್ಟಿಲು ಹತ್ತಬೇಕು. ಹಿಡಿದುಕೊಳ್ಳಲು ಕಂಬಿಯಿಲ್ಲ, ಗಾಲಿಕುರ್ಚಿಗೆ ಇಳಿಜಾರಿಲ್ಲ, ಮಳೆ ಬಂದರೆ ಟೈಲ್ಸ್ ಜಾರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ನಡೆಯಲಾರದವರಿಗಾಗಿಯೇ ಇರುವ ಜಾಗಕ್ಕೆ ಅವರೇ ಹತ್ತಿ ಬರಲಾರದಂತಿದ್ದರೆ ಒಳಗಿನ ಒಳ್ಳೆಯ ಕೆಲಸ ಎಷ್ಟು ಜನಕ್ಕೆ ತಲುಪೀತು? ಇದನ್ನು ಕೇಂದ್ರದವರಿಗೂ ಹೇಳಿದ್ದೇನೆ.

ಒಂದು ಸಲದ ಶುಲ್ಕ 400 ರೂಪಾಯಿ. ಕಾಯಿಲೆ ಇಲ್ಲಿ ವಾಸಿಯಾಗುವುದಿಲ್ಲ, ವಾಸಿ ಮಾಡುತ್ತೇವೆಂದು ಅವರೂ ಭರವಸೆ ಕೊಡುವುದಿಲ್ಲ. ಆದರೆ ತಾಯಿಯವರು ಈಗ ಬಚ್ಚಲುಮನೆಗೆ ಒಬ್ಬರೇ ಹೋಗಿ ಬರುತ್ತಾರೆ. ನೀವು ಹೋಗುವುದಾದರೆ ನರರೋಗ ತಜ್ಞರ ಚೀಟಿಯನ್ನೂ, ಮಾತ್ರೆ ನುಂಗುವ ಹೊತ್ತು ಮತ್ತು ಅದರ ಬಲ ಇಳಿಯುವ ಹೊತ್ತನ್ನು ಬರೆದ ಹಾಳೆಯನ್ನೂ ಒಯ್ಯಿರಿ. ಮೆಟ್ಟಿಲು ಹತ್ತಿಸಲು ಜೊತೆಗೊಬ್ಬರು ಇರಲಿ, ಬೆಳಗಿನ ಸಮಯವನ್ನೇ ಕೇಳಿ ಪಡೆಯಿರಿ.