ವ್ಯಾಖ್ಯಾನ, ಕನ್ಕಾರ್ಡೆನ್ಸ್, ಮೊಬೈಲ್: ಬೈಬಲ್ ಅಧ್ಯಯನಕ್ಕೆ ನನಗೆ ಒದಗಿದ್ದು ಯಾವುದು?

ಕೋಲಾರದ ನಮ್ಮ ಸಭೆಯಲ್ಲಿ ಶುಕ್ರವಾರ ಸಂಜೆ ನಡೆಯುವ ಬೈಬಲ್ ಅಧ್ಯಯನ ಕೂಟದಲ್ಲಿ ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲಗಳಲ್ಲಿ ಬಿದ್ದ ಬೀಜದ ಕಥೆಯಾಗಿ ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು ನಾಲ್ಕು ವಾರ ನಡೆಸಿಕೊಡುವಂತೆ ಸಭಾಪಾಲಕರು ಹೇಳಿದಾಗ, ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದೇನು ಕಷ್ಟ ಎಂದುಕೊಂಡು ಒಪ್ಪಿಕೊಂಡೆ. ಓದಲು ಕುಳಿತ ಮೇಲೆ, ಮನೆಯಲ್ಲಿ ಸಾಧನಗಳಿಗೇನೂ ಕೊರತೆಯಿಲ್ಲ, ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದೇ ನನಗೆ ಗೊತ್ತಿಲ್ಲ ಎಂಬುದು ಅರಿವಾಯಿತು. ಸಂಬಂಧಪಟ್ಟ ಬೇರೆ ವಚನಗಳನ್ನು ಪುಟದಲ್ಲೇ ಸೂಚಿಸುವ, ತಂದೆಯವರ ಕಾಲದ ರೆಫರೆನ್ಸ್ ಬೈಬಲ್, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ದಪ್ಪ ವ್ಯಾಖ್ಯಾನ, ಒಂದು ಪದ ಯಾವ ಯಾವ ವಚನದಲ್ಲಿ ಬರುತ್ತದೆಂದು ತೋರಿಸುವ ಸ್ಟ್ರಾಂಗ್ ಅವರ ಕನ್ಕಾರ್ಡೆನ್ಸ್, ಮಗಳು ಮೊಬೈಲಿಗೆ ಹಾಕಿಕೊಟ್ಟ ಆ್ಯಪ್, ಇಷ್ಟನ್ನೂ ಹೆಚ್ಚುಕಡಿಮೆ ಆ ಒಂದೇ ಸಾಮ್ಯದ ಮೇಲೆ ಪ್ರಯೋಗಿಸಿ ನೋಡಿದೆ.

ವ್ಯಾಖ್ಯಾನದಿಂದ ಆರಂಭಿಸಿದ್ದು ನನ್ನ ತಪ್ಪು. ಕೂರಿಗೆಯಲ್ಲಿ ಸಾಲು ಹಿಡಿದು ರಾಗಿ ಬಿತ್ತುವುದನ್ನು ಕಂಡ ನಮ್ಮ ಕಡೆಯವರಿಗೆ, ದಾರಿಯ ಮೇಲೂ ಮುಳ್ಳಿನೊಳಗೂ ಬೀಜ ಬೀಳುವಂತೆ ಎರಚಿಕೊಂಡು ಹೋದ ಆ ರೈತನ ಬೇಸಾಯ ಎಂಥದ್ದೆಂಬ ಸಂದೇಹ ಬಂದೇ ಬರುತ್ತದೆ. ಪ್ಯಾಲೆಸ್ಟೀನಿನಲ್ಲಿ ಮೊದಲು ಬೀಜ ಎರಚಿ ಆಮೇಲೆ ಉಳುತ್ತಿದ್ದರು, ಆದ್ದರಿಂದ ಕಾಲುದಾರಿಯೂ ಉಳುಮೆಗೆ ಸೇರಿಹೋಗುತ್ತಿತ್ತು ಎಂದು ನನ್ನ ಬಳಿಯಿದ್ದ ವ್ಯಾಖ್ಯಾನ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿತ್ತು. ಮೊದಲ ವಾರ ನಾನು ಅದನ್ನೇ ಹೇಳಿದೆ, ಎಲ್ಲರೂ ತಲೆದೂಗಿದರು. ಆ ರಾತ್ರಿ ಕನ್ಕಾರ್ಡೆನ್ಸಿನಲ್ಲಿ ಉಳುಮೆಯ ಮಾತಿರುವ ವಚನಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಾಗ ಯೆಶಾಯ 28:24-25 ಸಿಕ್ಕಿತು. ಅಲ್ಲಿಯ ರೈತ ನೆಲವನ್ನು ಉತ್ತು, ಹೆಂಟೆ ಒಡೆದು, ಸಮಮಾಡಿದ ಮೇಲೆಯೇ ಬೀಜ ಹಾಕುತ್ತಾನೆ. ಯೆರೆಮೀಯ 4:3 ಕೂಡ ಮುಳ್ಳುಗಳಲ್ಲಿ ಬಿತ್ತಬೇಡಿ, ಬೀಳು ಭೂಮಿಯನ್ನು ಮೊದಲು ಉತ್ತುಕೊಳ್ಳಿ ಎನ್ನುತ್ತದೆ. ಇನ್ನೊಂದು ಕಡೆ, ನಮ್ಮ ಬೈಬಲಿನ 66 ಪುಸ್ತಕಗಳ ಹೊರಗಿರುವ ‘ಜೂಬಿಲಿಗಳ ಪುಸ್ತಕ’ ಎಂಬ ಪ್ರಾಚೀನ ಯೆಹೂದ್ಯ ಕೃತಿಯಲ್ಲಿ, ಬೀಜ ಉಳುಮೆಯಲ್ಲಿ ಮುಚ್ಚಿಹೋಗುವ ಮೊದಲೇ ಹಕ್ಕಿಗಳು ಅದನ್ನು ತಿಂದುಹಾಕುತ್ತಿದ್ದ ಪ್ರಸಂಗವೂ ಇದೆ. ಅಂದರೆ ಎರಡೂ ಪದ್ಧತಿಗೆ ಆಧಾರವಿದ್ದು, ವ್ಯಾಖ್ಯಾನಕಾರರು ಒಂದನ್ನಷ್ಟೇ ಹೇಳಿ ಇನ್ನೊಂದನ್ನು ಬಿಟ್ಟಿದ್ದರು. ಎರಡನೆಯ ವಾರ ನಾನು ಹೇಳಿದ್ದನ್ನು ನಾನೇ ತಿದ್ದಿಕೊಳ್ಳಬೇಕಾಯಿತು.

ರೆಫರೆನ್ಸ್ ಬೈಬಲಿನ ಮೇಲೆ ನನಗೆ ಗೌರವ ಹೆಚ್ಚಿದ್ದು ಕೂಟದಲ್ಲೇ. ಒಳ್ಳೆಯ ನೆಲದ ಬೀಜ ನೂರರಷ್ಟು ಫಲ ಕೊಟ್ಟಿತೆಂಬ ಮಾತು ಬಂದಾಗ, ಬೆದ್ದಲು ಬೇಸಾಯದಲ್ಲೇ ಆಯಸ್ಸು ಸವೆಸಿದ ಸಭೆಯ ಹಿರಿಯರೊಬ್ಬರು, “ಮೇಷ್ಟ್ರೇ, ನೂರು ಅಂದ್ರೆ ಏನು ಮಹಾ? ಒಂದು ರಾಗಿ ತೆನೇಲೇ ಸಾವಿರ ಕಾಳು ಇರ್ತದಲ್ಲ” ಎಂದು ಕೇಳಿದರು. ಆ ಪ್ರಶ್ನೆಯನ್ನು ವ್ಯಾಖ್ಯಾನಕಾರರು ಕನಸಿನಲ್ಲೂ ಎಣಿಸಿರಲಾರರು. ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಪುಟದ ನಡುವಿನ ಕಾಲಮಿನ ಇರುವೆ ಸಾಲಿನಂಥ ಅಕ್ಷರಗಳನ್ನು ಕನ್ನಡಕ ಸರಿಮಾಡಿಕೊಂಡು ಓದಿದಾಗ ಆದಿಕಾಂಡ 26:12 ಎಂದಿತ್ತು. ದೇಶಕ್ಕೆ ಬರ ಬಂದು ಗೆರಾರಿನಲ್ಲಿ ನೆಲೆಸಿದ ಇಸಾಕ ಅಲ್ಲಿ ಬಿತ್ತಿ ಅದೇ ವರ್ಷ ನೂರರಷ್ಟು ಬೆಳೆ ಪಡೆದನೆಂದೂ, ಅದು ದೇವರ ಆಶೀರ್ವಾದವೆಂದೂ ಅಲ್ಲಿ ಹೇಳಿದೆ. ಅಲ್ಲಿಯವರದು ಗೋಧಿ, ಜವೆಗೋಧಿಯ ಲೆಕ್ಕ. ಅದನ್ನು ರಾಗಿಯ ಮೊರದಲ್ಲಿ ಅಳೆಯಲಾಗದು ಎಂದಾಗ ಹಿರಿಯರು ನಕ್ಕು ಒಪ್ಪಿದರು.

ಇವೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಒಂದು ಇನ್ನೂರು ಪುಟದ ನೋಟುಬುಕ್ಕಿನಿಂದ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿ, ಯೇಸುವಿನ ಜೀವನ ಹೇಳುವ ಸುವಾರ್ತೆಗಳಾದ ಮತ್ತಾಯ 13, ಮಾರ್ಕ 4, ಲೂಕ 8 ಈ ಅಧ್ಯಾಯಗಳ ಸಾಮ್ಯವನ್ನು ಅಕ್ಕಪಕ್ಕದಲ್ಲಿ ಕೈಯಾರೆ ನಕಲು ಮಾಡಿದೆ. ಚಿಕ್ಕಂದಿನಿಂದ ಕೇಳುತ್ತ ಬಂದ ಸಾಮ್ಯವೇ ಆದರೂ ಫಲದ ಲೆಕ್ಕ ಮತ್ತಾಯನಲ್ಲಿ ನೂರು, ಅರವತ್ತು, ಮೂವತ್ತು ಎಂದು ಇಳಿಯುತ್ತದೆ, ಮಾರ್ಕನಲ್ಲಿ ಮೂವತ್ತರಿಂದ ನೂರಕ್ಕೆ ಏರುತ್ತದೆ, ಲೂಕನಲ್ಲಿ ನೂರು ಮಾತ್ರವೇ ಇದೆ ಎಂಬುದು ಬರೆಯುವ ತನಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಂಡೆಯ ನೆಲದ ಪೈರು ಒಣಗಲು ಮತ್ತಾಯ, ಮಾರ್ಕರು ಬೇರಿಲ್ಲದ್ದನ್ನೂ ಬಿಸಿಲನ್ನೂ ಕಾರಣವಾಗಿ ಹೇಳಿದರೆ, ಲೂಕನು ತೇವವಿಲ್ಲದ್ದನ್ನು ಹೇಳುತ್ತಾನೆ. ಇದು ವಿರೋಧವೇ ಎಂದು ಕೂಟದಲ್ಲಿ ಕೇಳಿದೆ. ಉತ್ತರ ಕೊಟ್ಟವರು ಮತ್ತೆ ಆ ಹಿರಿಯರೇ: ಅಂತರಗಂಗೆ ಬೆಟ್ಟದ ತಪ್ಪಲಿನಲ್ಲಿ ಬಂಡೆಯ ಮೇಲೆ ಗೇಣು ಮಣ್ಣಿರುವ ಕಡೆ ಹುರುಳಿ ಚೆಲ್ಲಿದರೆ ಒಂದು ಹದ ಮಳೆಗೆ ಎಲ್ಲಕ್ಕಿಂತ ಮುಂಚೆ ಮೊಳೆಯುತ್ತದೆ, ಕೆಳಗೆ ಬೇರಿಳಿಯಲು ಜಾಗವಿಲ್ಲದ್ದರಿಂದ ತೇವ ಸಿಗದೆ ನಾಲ್ಕು ಬಿಸಿಲಿಗೆ ಸುಟ್ಟುಹೋಗುತ್ತದೆ, ಬೇರೂ ತೇವವೂ ಒಂದೇ ಮಾತು ಎಂದರು. ಮೂರು ಸುವಾರ್ತೆಗಳನ್ನು ಹೊಂದಿಸಿದ ಅಂಥ ವಿವರಣೆಯನ್ನು ನಾನು ಯಾವ ಅಚ್ಚಿನ ಪುಸ್ತಕದಲ್ಲೂ ಓದಿರಲಿಲ್ಲ.

ಮೊಬೈಲ್ ಆ್ಯಪ್ ಬಗ್ಗೆ ಹೇಳುವುದು ಕಡಿಮೆ. ಹಲವು ಕನ್ನಡ ಅನುವಾದಗಳು ಬೆರಳ ತುದಿಗೆ ಸಿಗುತ್ತವೆ, ತೆಲುಗು ಓದುವ ಮುಳಬಾಗಿಲಿನ ಕಡೆಯವರಿಗೆ ಅದೇ ವಚನವನ್ನು ತೆಲುಗಿನಲ್ಲಿ ತೆಗೆದುಕೊಡಬಹುದು. ಹುಡುಕಾಟದಲ್ಲಿ ಮಾತ್ರ ಎಚ್ಚರ ಬೇಕು. ಕನ್ನಡದ ಪದಗಳಿಗೆ ವಿಭಕ್ತಿ, ಕಾಲ, ಸಂಧಿ ಎಲ್ಲವೂ ಅಂಟಿಕೊಳ್ಳುವುದರಿಂದ ‘ಬಿತ್ತುವವನು’ ಎಂದು ಪೂರ್ತಿ ಬರೆದು ಹುಡುಕಿದರೆ ‘ಬಿತ್ತಿದನು’ ಕೈತಪ್ಪುತ್ತದೆ. ಪದದ ಮೊದಲ ಭಾಗವನ್ನಷ್ಟೇ ಹಾಕಬೇಕು. ಹೊಸ ಅನುವಾದಗಳನ್ನು ಕಂಡರೆ ಸತ್ಯವೇದದ ಮಾತನ್ನು ಬದಲಾಯಿಸುವುದು ಸರಿಯೇ ಎಂದು ಕೆಲವರು ಮುನಿಯುತ್ತಾರೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ ಕೂಡ ಮುಂದೆ ಪರಿಷ್ಕರಣೆಗೆ ಒಳಗಾಯಿತು ಎಂದಷ್ಟೇ ಅವರಿಗೆ ನಾನು ಹೇಳುವುದು.

ಅಪಾಯ ಹೆಚ್ಚಿರುವುದು ಮೂಲಭಾಷೆಯ ಒಂದೊಂದು ಪದಕ್ಕೂ ಸ್ಟ್ರಾಂಗ್ ಅವರು ಕೊಟ್ಟ ಸಂಖ್ಯೆಗಳಲ್ಲಿ. 1890ರಲ್ಲಿ ಪ್ರಕಟವಾದ ಆ ಕನ್ಕಾರ್ಡೆನ್ಸ್ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನ ಪದಗಳನ್ನು ಅನುಸರಿಸುವುದರಿಂದ ನಾವು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಗ್ರೀಕಿಗೆ ಸುತ್ತಿ ಹೋಗಬೇಕು. ವಚನ ಹುಡುಕಲು ಅದಕ್ಕೆ ಸಾಟಿಯಿಲ್ಲ, ಆದರೆ ಗ್ರೀಕ್ ಬಾರದ ನನ್ನಂಥವರಿಗೆ ಅದು ಗ್ರೀಕ್ ಬರುತ್ತದೆಂಬ ಭ್ರಮೆ ಹುಟ್ಟಿಸುತ್ತದೆ. ಯೋಹಾನ 21ರಲ್ಲಿ ಯೇಸು ತನ್ನ ಶಿಷ್ಯ ಪೇತ್ರನನ್ನು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಎರಡು ಸಲ ‘ಅಗಾಪಾವೋ’ ಎಂಬ ಗ್ರೀಕ್ ಕ್ರಿಯಾಪದದಿಂದ ಕೇಳುತ್ತಾನೆ, ಮೂರನೆಯ ಸಲ ‘ಫಿಲೇಯೋ’ ಎನ್ನುತ್ತಾನೆ, ಪೇತ್ರನ ಉತ್ತರವೆಲ್ಲ ‘ಫಿಲೇಯೋ’. ಒಂದು ದೈವಿಕ ಪ್ರೀತಿ, ಇನ್ನೊಂದು ಬರಿಯ ಸ್ನೇಹ ಎಂದು ವಿಂಗಡಿಸಿದ ಪ್ರಸಂಗಗಳನ್ನು ಎಷ್ಟೋ ಕೇಳಿದ್ದೆ, ಒಂದೆರಡು ಸಲ ನಾನೇ ಮಾಡಿದ್ದೆ. ಅವೇ ಸಂಖ್ಯೆಗಳನ್ನು ಹಿಡಿದು ಮುಂದೆ ಹುಡುಕಿದರೆ, ತಂದೆಯು ಮಗನನ್ನು ಪ್ರೀತಿಸುತ್ತಾನೆಂಬ ಮಾತಿಗೆ ಯೋಹಾನ 3:35ರಲ್ಲಿ ‘ಅಗಾಪಾವೋ’, 5:20ರಲ್ಲಿ ‘ಫಿಲೇಯೋ’ ಇದೆ. ಜೊತೆ ಕೆಲಸಗಾರನಾಗಿದ್ದ ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದನೆಂಬ 2 ತಿಮೊಥೆಯ 4:10ರಲ್ಲಿಯೂ ಇರುವುದು ‘ಅಗಾಪಾವೋ’ವೇ. ನನ್ನ ಹಳೆಯ ಪ್ರಸಂಗದ ಟಿಪ್ಪಣಿಯನ್ನು ಅಂದೇ ಹರಿದು ಹಾಕಿದೆ.

ವಿಧಾನದ ವಿಷಯದಲ್ಲೂ ಇದೇ ಅನುಭವ. ಹೊಸ ವರ್ಷದ ಆರಾಧನೆಯಲ್ಲಿ ತೆಗೆದುಕೊಂಡ ವಾಗ್ದಾನದ ಕಾರ್ಡಿನಲ್ಲಿ ಒಮ್ಮೆ ನನಗೆ, ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆಗಳೇ ಎಂದು ದೇವರು ಹೇಳುವ ಯೆರೆಮೀಯ 29:11 ಬಂದಿತ್ತು. ಅದನ್ನು ವರ್ಷವಿಡೀ ಗೋಡೆಯ ಮೇಲೆ ಅಂಟಿಸಿಕೊಂಡಿದ್ದೆ. ಅಧ್ಯಾಯವನ್ನು ಪೂರ್ತಿ ಓದಿದಾಗ ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರವೆಂದೂ, ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕೆಂಬ ಮಾತಿದೆಯೆಂದೂ ತಿಳಿಯಿತು. ಆ ಪತ್ರ ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ಅಲ್ಲೇ ಮಣ್ಣಾಗಿರಬೇಕು. ಕಾರ್ಡನ್ನು ತೆಗೆದಿಲ್ಲ, ಅದರ ಪಕ್ಕದಲ್ಲಿ ಹತ್ತನೆಯ ವಚನವನ್ನೂ ಬರೆದು ಅಂಟಿಸಿದ್ದೇನೆ.

ಮುಂದಿನ ತಿಂಗಳು ಕೂಟಕ್ಕೆ ಯೋಹಾನ 21ನ್ನೇ ಆರಿಸಿಕೊಂಡಿದ್ದೇನೆ. ನೋಟುಬುಕ್ಕಿನಲ್ಲಿ ಗೆರೆ ಎಳೆದಾಗಿದೆ. ವ್ಯಾಖ್ಯಾನವನ್ನು ಮೂರನೆಯ ವಾರದ ತನಕ ಬೀರುವಿನಿಂದ ತೆಗೆಯಕೂಡದೆಂದು ಬೀಗದ ಕೈಯನ್ನು ಮಗಳ ಕೈಗೆ ಕೊಟ್ಟಿದ್ದೇನೆ.